ಕೊಲಂಬೊದಲ್ಲಿ ಡಾಲರ್ ಸಂಬಳದವರು, 2022

2022ರ ಮಾರ್ಚ್ 7ರಂದು ಶ್ರೀಲಂಕಾದ ಕೇಂದ್ರ ಬ್ಯಾಂಕ್ ತನ್ನ ರೂಪಾಯಿಯ ಮೇಲಿನ ಹಿಡಿತವನ್ನು ಸಡಿಲಿಸಿತು. ಅಲ್ಲಿಯವರೆಗೆ ಡಾಲರಿಗೆ 200ರ ಆಸುಪಾಸಿನಲ್ಲಿ ಬಲವಂತವಾಗಿ ನಿಲ್ಲಿಸಿಟ್ಟಿದ್ದ ದರ ಆ ತಿಂಗಳು ಮುಗಿಯುವಷ್ಟರಲ್ಲಿ 300ರ ಹತ್ತಿರಕ್ಕೂ ಮೇ ತಿಂಗಳ ನಡುವಿನ ಹೊತ್ತಿಗೆ 360ರ ಹತ್ತಿರಕ್ಕೂ ಹೋಯಿತು. ಕೊಲಂಬೊದ ಸಿದ್ಧ ಉಡುಪು ಉದ್ಯಮದಲ್ಲಿ ಡಾಲರ್ ಲೆಕ್ಕದಲ್ಲಿ ಸಂಬಳ ಪಡೆಯುತ್ತಿದ್ದ ನನ್ನಂಥ ಭಾರತೀಯರ ಆದಾಯ, ನಾವು ಕಡ್ಡಿ ಎತ್ತಿ ಇತ್ತಲಿಂದತ್ತ ಇಡದೆಯೇ, ಅಲ್ಲಿನ ನೋಟಿನ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಏರಿತು. ಪಕ್ಕದ ಮೇಜಿನಲ್ಲಿ ಕುಳಿತು ಅದೇ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದ ಸಿಂಹಳ ಸಹೋದ್ಯೋಗಿಯ ಸಂಬಳ ಮಾತ್ರ ರೂಪಾಯಿಯಲ್ಲಿ ಇದ್ದಷ್ಟೇ ಇತ್ತು, ಅಂದರೆ ಅಂಗಡಿಗೆ ಹೋದಾಗ ಅರ್ಧವಾಗಿತ್ತು. ನಮ್ಮಿಬ್ಬರ ನಡುವೆ ಈ ವಿಷಯ ಎಂದೂ ಬಾಯಿಬಿಟ್ಟು ಚರ್ಚೆಯಾಗಲಿಲ್ಲ. ಆದರೆ ಮಧ್ಯಾಹ್ನ ಊಟದ ಪೊಟ್ಟಣ ತರಿಸುವಾಗ ಎಲ್ಲರೂ ಸೇರಿ ಹಣ ಹಾಕುತ್ತಿದ್ದ ಪದ್ಧತಿ ಏಪ್ರಿಲ್ ಹೊತ್ತಿಗೆ ತಾನಾಗಿಯೇ ನಿಂತುಹೋಯಿತು.

ಆ ವರ್ಷ ಶ್ರೀಲಂಕಾದಲ್ಲಿ ನಡೆದದ್ದನ್ನು ಹೊರಗಿನವರು ಹೆಚ್ಚಾಗಿ ರಾಜಕೀಯದ ಕಥೆಯಾಗಿಯೇ ನೆನಪಿಟ್ಟುಕೊಂಡಿದ್ದಾರೆ. ರಾಜಪಕ್ಸೆ ಕುಟುಂಬ, ಅಧ್ಯಕ್ಷ ಗೋಟಬಯ ರಾಜಪಕ್ಸೆಯ ಪಲಾಯನ, ಅರಮನೆಯ ಈಜುಕೊಳದಲ್ಲಿ ಮುಳುಗೇಳುತ್ತಿದ್ದ ಜನ, ಇಷ್ಟೇ ಎಲ್ಲರ ಕಣ್ಣಿಗೆ ಕಟ್ಟಿರುವುದು. ಒಳಗಿದ್ದು ನೋಡಿದವರಿಗೆ ಅದು ಮೊದಲಿನಿಂದ ಕೊನೆಯವರೆಗೆ ಡಾಲರಿನ ಅಭಾವದ ಕಥೆ. 2019ರ ಕೊನೆಯಲ್ಲಿ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಿ ಖಜಾನೆಯನ್ನು ಬರಿದು ಮಾಡಿಕೊಂಡಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ ಭತ್ತ ಮತ್ತು ಚಹಾ ಎರಡಕ್ಕೂ ಪೆಟ್ಟು ಕೊಟ್ಟಿತು. ತೀರಿಸಬೇಕಾದ ವಿದೇಶಿ ಸಾಲದ ಕಂತುಗಳು ಮಾತ್ರ ತಮ್ಮ ಪಾಡಿಗೆ ಬರುತ್ತಲೇ ಇದ್ದವು. 2022ರ ಮೇ ಆರಂಭದಲ್ಲಿ ಹಣಕಾಸು ಸಚಿವರೇ ಸಂಸತ್ತಿನಲ್ಲಿ ನಿಂತು, ಕೈಗೆ ಸಿಗುವ ವಿದೇಶಿ ವಿನಿಮಯ 5 ಕೋಟಿ ಡಾಲರಿಗೂ ಕಡಿಮೆ ಇದೆ ಎಂದು ಒಪ್ಪಿಕೊಂಡರು. ಎರಡು ಕೋಟಿಗೂ ಮೀರಿದ ಜನರಿರುವ ದೇಶವೊಂದು ಎಣ್ಣೆ, ಔಷಧ, ಹಾಲಿನಪುಡಿಗಳನ್ನು ಆ ಹಣದಲ್ಲಿ ಎಷ್ಟು ದಿನ ತರಿಸಿಕೊಳ್ಳಬಲ್ಲದು?

ಡಾಲರ್ ತರುತ್ತಿದ್ದ ದಾರಿಗಳಲ್ಲಿ ಪ್ರವಾಸೋದ್ಯಮ ದೊಡ್ಡದು. 2018ರಲ್ಲಿ 23 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದು ಸುಮಾರು 440 ಕೋಟಿ ಡಾಲರ್ ಬಿಟ್ಟುಹೋಗಿದ್ದರು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲೂ ಕೊಲಂಬೊದ ದೊಡ್ಡ ಹೋಟೆಲುಗಳಲ್ಲೂ ಬಾಂಬು ಸಿಡಿದ ಮೇಲೆ ಆ ಹರಿವು ಕುಗ್ಗಿತು, ಕೋವಿಡ್ ಅದನ್ನು ಬತ್ತಿಸಿತು. 2021ರಲ್ಲಿ ಬಂದವರು 2 ಲಕ್ಷವನ್ನೂ ಮುಟ್ಟಲಿಲ್ಲ. 2022ರ ಮಾರ್ಚಿನಲ್ಲಿ ಒಂದೇ ತಿಂಗಳಿಗೆ ಒಂದು ಲಕ್ಷ ದಾಟಿದಾಗ ಹೋಟೆಲಿನವರು ಉಸಿರು ಬಿಟ್ಟಿದ್ದರು. ಮೇ ತಿಂಗಳಲ್ಲಿ ಅದು 30 ಸಾವಿರಕ್ಕೆ ಕುಸಿಯಿತು. ಹೀಗಾಗಿ ಅಲ್ಲಿದ್ದ ಪರದೇಶದವನು ಬಿಕ್ಕಟ್ಟಿನ ಪ್ರೇಕ್ಷಕನಾಗಿ ಮಾತ್ರ ಇರಲು ಸಾಧ್ಯವೇ ಇರಲಿಲ್ಲ. ದೇಶಕ್ಕೆ ಯಾವುದು ಇಲ್ಲವಾಗಿತ್ತೋ ಅದು ಅವನ ಜೇಬಿನಲ್ಲಿತ್ತು.

ನಾನಿದ್ದದ್ದು ವೆಳ್ಳವತ್ತೆಯಲ್ಲಿ. ಗಾಲ್ ರಸ್ತೆಯ ಎರಡೂ ಬದಿಗೆ ಸೀರೆ ಅಂಗಡಿ, ಬಂಗಾರದ ಅಂಗಡಿ, ದೋಸೆಯ ಹೋಟೆಲುಗಳಿರುವ, ಹರಕು ತಮಿಳಿನಲ್ಲೇ ಬದುಕು ಸಾಗಿಸಬಹುದಾದ ಬಡಾವಣೆ ಅದು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇರುತ್ತಿರಲಿಲ್ಲ. ವಿದ್ಯುತ್ ಮಂಡಳಿ ಊರನ್ನು ಇಂಗ್ಲಿಷ್ ಅಕ್ಷರಗಳ ಗುಂಪುಗಳಾಗಿ ವಿಂಗಡಿಸಿ ವೇಳಾಪಟ್ಟಿ ಹೊರಡಿಸುತ್ತಿತ್ತು, ಬೆಳಿಗ್ಗೆ ಎದ್ದವರು ದೇವರಿಗಿಂತ ಮೊದಲು ಅದರ ಮುಖ ನೋಡುತ್ತಿದ್ದರು. ಕಾಗದವಿಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳು ಮುಂದೆ ಹೋದವು, ಎರಡು ಪತ್ರಿಕೆಗಳು ಮುದ್ರಣ ನಿಲ್ಲಿಸಿದವು. ಅಡುಗೆ ಅನಿಲದ ಖಾಲಿ ಸಿಲಿಂಡರುಗಳನ್ನು ಸರಪಳಿಯಿಂದ ಒಂದಕ್ಕೊಂದು ಕಟ್ಟಿ ರಾತ್ರಿಯೆಲ್ಲ ಬೀದಿಯಲ್ಲಿ ಸಾಲಿಗೆ ನಿಲ್ಲಿಸಿರುತ್ತಿದ್ದರು. ಮನುಷ್ಯರು ಮನೆಗೆ ಹೋಗಿ ಮಲಗಿ ಬರಬಹುದು, ಸಿಲಿಂಡರಿನ ಸ್ಥಾನ ಹೋಗಬಾರದು. ಸಾಲಿಗೆ ಸಿಂಹಳದಲ್ಲಿ ಪೋಲಿಮ ಎನ್ನುತ್ತಾರೆ. ಆ ವರ್ಷ ಆ ಮಾತನ್ನು ಕೇಳದೆ ಒಂದು ತಾಸು ಕಳೆಯುವುದೂ ಕಷ್ಟವಿತ್ತು. ಮಾರ್ಚಿನಲ್ಲೇ ಇಂಧನದ ಸಾಲಿನಲ್ಲಿ ನಿಂತಿದ್ದ ಎಪ್ಪತ್ತು ದಾಟಿದ ಇಬ್ಬರು ಕುಸಿದು ಸತ್ತರು. ಮುಂದಿನ ತಿಂಗಳುಗಳಲ್ಲಿ ಅಂಥ ಸಾವುಗಳ ಸುದ್ದಿ ಒಳಪುಟಕ್ಕೆ ಸರಿಯಿತು.

ನಮ್ಮ ಕಚೇರಿಯ ಪರದೇಶದವರು ಸಾಲಿನಲ್ಲಿ ನಿಂತದ್ದು ಕಡಿಮೆ. ಕಟ್ಟಡಕ್ಕೆ ಜನರೇಟರ್ ಇತ್ತು. ಜುಲೈನಲ್ಲಿ ಡಾಲರ್ ಪಾವತಿಸುವ ಕಂಪನಿಗಳಿಗೆ ಪ್ರತ್ಯೇಕವಾಗಿ ಇಂಧನ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಿದ ಮೇಲೆ ರಫ್ತು ಉದ್ಯಮದವರಿಗೆ ಇನ್ನಷ್ಟು ಅನುಕೂಲವಾಯಿತು. ಇದರಲ್ಲಿ ಅನ್ಯಾಯವಿದೆಯೇ ಎಂದರೆ ಉತ್ತರ ಸುಲಭವಲ್ಲ. ಉಡುಪು ಕಾರ್ಖಾನೆ ನಿಂತರೆ ದೇಶಕ್ಕೆ ಬರುವ ಡಾಲರೂ ನಿಲ್ಲುತ್ತದೆ, ಆಗ ಯಾವ ಬಂಕಿಗೂ ಎಣ್ಣೆ ಬರುವುದಿಲ್ಲ. ವಾದ ಸರಿಯಾಗಿಯೇ ಇದೆ. ಆದರೆ ಈ ಸರಿಯಾದ ವಾದದ ಫಲವಾಗಿ ತಂಪು ಗಾಳಿ ಬರುತ್ತಿದ್ದ ಕೋಣೆಯಲ್ಲಿ ಕುಳಿತವನು ನಾನಾಗಿದ್ದೆ, ಮೂರು ಬಸ್ಸು ಬದಲಾಯಿಸಿ ಬೆವೆತು ಬರುತ್ತಿದ್ದವಳು ಪಕ್ಕದ ಮೇಜಿನವಳಾಗಿದ್ದಳು. ಅರ್ಥಶಾಸ್ತ್ರದ ಯಾವ ಪುಸ್ತಕವೂ ಈ ಎರಡು ಕುರ್ಚಿಗಳ ನಡುವಿನ ಅಂತರದ ಬಗ್ಗೆ ಹೇಳುವುದಿಲ್ಲ.

ಊರಿನಿಂದ ಬರುತ್ತಿದ್ದ ಪ್ರಶ್ನೆಗಳು ಎರಡೇ ಬಗೆಯವು. ಮೊದಲನೆಯದು, ಟಿವಿಯಲ್ಲಿ ಲಂಕೆ ಹೊತ್ತಿ ಉರಿಯುತ್ತಿದೆ, ನೀನು ಇನ್ನೂ ಅಲ್ಲೇನು ಮಾಡುತ್ತಿದ್ದೀಯ ಎಂಬುದು. ಎರಡನೆಯದು ಕೇಳುತ್ತಿದ್ದವರು ಬೇರೆ ಗುಂಪಿನವರು: ಅಲ್ಲಿ ಈಗ ಎಲ್ಲ ಅಗ್ಗವಂತೆ, ಬರಬಹುದಾ? ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆಯ ಹಾರಾಟ. ನುವರ ಎಲಿಯದ ಸೀತಾ ಅಮ್ಮನ್ ಗುಡಿ, ಎಲ್ಲ ಎಂಬ ಬೆಟ್ಟದೂರಿನ ಹತ್ತಿರದ ರಾವಣ ಜಲಪಾತ ಎಂದು ರಾಮಾಯಣದ ಹೆಸರಿನಲ್ಲಿ ಹೊರಡುವ ಪ್ರವಾಸಗಳಿಗೆ ನಮ್ಮಲ್ಲಿ ಗಿರಾಕಿಗಳು ಬಹಳ. ಆ ವರ್ಷವೂ ಶ್ರೀಲಂಕಾಕ್ಕೆ ಅತಿ ಹೆಚ್ಚು ಪ್ರವಾಸಿಗರನ್ನು ಕಳಿಸಿದ ದೇಶ ಭಾರತವೇ. ಕೇಳಿದವರೆಲ್ಲರಿಗೂ ಬೇಕಿದ್ದದ್ದು ಸುರಕ್ಷಿತವೋ ಅಲ್ಲವೋ ಎಂಬ ಒಂದೇ ಮಾತಿನ ಉತ್ತರ.

ಸುರಕ್ಷತೆಯ ಮಟ್ಟಿಗೆ ಉತ್ತರ ಕಷ್ಟವಿರಲಿಲ್ಲ. ಏಪ್ರಿಲ್ 9ರಿಂದ ಕೊಲಂಬೊದ ಕಡಲತಡಿಯ ಗಾಲ್ ಫೇಸ್ ಮೈದಾನದಲ್ಲಿ ಬೀಡುಬಿಟ್ಟಿದ್ದ ಅರಗಲಯದ, ಅಂದರೆ ಸರ್ಕಾರದ ವಿರುದ್ಧದ ಹೋರಾಟದ, ಜನ ಹೊರಗಿನವರ ಕೂದಲೂ ಕೊಂಕಿಸಲಿಲ್ಲ. ಗೋಟಾ ಗೋ ಗಾಮ, ಅಂದರೆ ಗೋಟಬಯ ತೊಲಗು ಗ್ರಾಮ, ಎಂದು ಹೆಸರಿಟ್ಟುಕೊಂಡಿದ್ದ ಆ ಡೇರೆಗಳ ಊರಿನಲ್ಲಿ ಗ್ರಂಥಾಲಯವಿತ್ತು, ಪುಕ್ಕಟೆ ಊಟದ ಅಡುಗೆಮನೆಯಿತ್ತು, ಸಂಜೆ ಹಾಡು, ನಾಟಕ, ಭಾಷಣಗಳಿದ್ದವು. 1864ರ ಗಾಲ್ ಫೇಸ್ ಹೋಟೆಲಿನ ಜಗಲಿಯಲ್ಲಿ ಚಹಾ ಮುಗಿಸಿದ ಪ್ರವಾಸಿಗರು ಹಾಗೆಯೇ ನಡೆದು ಬಂದು ಘೋಷಣಾ ಫಲಕಗಳ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಮೇ 9ರಂದು ಪ್ರಧಾನಿ, ಅಧ್ಯಕ್ಷರ ಅಣ್ಣ ಮಹಿಂದ ರಾಜಪಕ್ಸೆಯ ಬೆಂಬಲಿಗರ ಗುಂಪು ಅದೇ ಡೇರೆಗಳ ಮೇಲೆ ದೊಣ್ಣೆ ಹಿಡಿದು ಬಿದ್ದಾಗ, ಅಂದೇ ಸಂಜೆ ದೇಶದ ಉದ್ದಗಲಕ್ಕೂ ಆಳುವ ಪಕ್ಷದ ರಾಜಕಾರಣಿಗಳ ಮನೆಗಳು ಸುಟ್ಟುಹೋದಾಗ ಮಾತ್ರ ನಿಜವಾಗಿ ಭಯವಾಯಿತು. ಮಹಿಂದ ರಾಜೀನಾಮೆ ಕೊಟ್ಟು ತ್ರಿಕೋಣಮಲೆಯ ನೌಕಾನೆಲೆಗೆ ಹೋದರು. ಕರ್ಫ್ಯೂ ಹೇರಿದಾಗ ವಿಮಾನದ ಟಿಕೆಟ್ಟೇ ಪರವಾನಗಿ. ಅದನ್ನು ತೋರಿಸಿದರೆ ಪೊಲೀಸರು ವಿಮಾನ ನಿಲ್ದಾಣದ ದಾರಿ ಬಿಟ್ಟುಕೊಡುತ್ತಿದ್ದರು. ನಮ್ಮ ಮನೆಯ ಮಾಲೀಕರು, 1983ರ ಜುಲೈನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರವನ್ನು ಅದೇ ಬೀದಿಯಲ್ಲಿ ಕಂಡಿದ್ದ ತಮಿಳು ಹಿರಿಯರು, ಆ ರಾತ್ರಿ ಗೇಟಿಗೆ ಎರಡನೆಯ ಬೀಗ ಹಾಕಿ, ಈ ಸಲದ ಬೆಂಕಿ ನಮ್ಮನ್ನು ಹುಡುಕಿಕೊಂಡು ಬಂದದ್ದಲ್ಲ ಬಿಡಿ ಎಂದರು. ಅವರು ಗಾಲ್ ಫೇಸಿಗೆ ಒಂದು ದಿನವೂ ಹೋಗಲಿಲ್ಲ. ಮೇ 18ರಂದು ಅಲ್ಲಿ ಯುದ್ಧದಲ್ಲಿ ಸತ್ತ ತಮಿಳರ ನೆನಪಿಗೆ, 2009ರಲ್ಲಿ ಆ ಯುದ್ಧ ಮುಗಿದ ಊರಿನ ಹೆಸರಿನ ಮುಳ್ಳಿವಾಯ್ಕಾಲ್ ಗಂಜಿ ಹಂಚಿದರೆಂದು ನಾನು ಹೇಳಿದಾಗ ಮಾತ್ರ, ಹೌದೇ ಎಂದು ಕುರ್ಚಿ ಎಳೆದುಕೊಂಡು ಕುಳಿತು ಪೂರ್ತಿ ಕೇಳಿದರು.

ಕಷ್ಟವಿದ್ದದ್ದು ಯಾರೂ ಕೇಳದ ಇನ್ನೊಂದು ಪ್ರಶ್ನೆಯಲ್ಲಿ: ಬಂದವನು ಯಾರ ಪಾಲಿನದನ್ನು ಬಳಸುತ್ತಾನೆ? ಜೂನ್ ಕೊನೆಯಲ್ಲಿ ಸರ್ಕಾರ ಜುಲೈ 10ರವರೆಗೆ ಅಗತ್ಯ ಸೇವೆಗಳಿಗೆ ಬಿಟ್ಟು ಬೇರಾರಿಗೂ ಪೆಟ್ರೋಲ್, ಡೀಸೆಲ್ ಇಲ್ಲವೆಂದು ಘೋಷಿಸಿತು. ಆಮೇಲೆ ಕ್ಯೂಆರ್ ಕೋಡಿನ ಇಂಧನ ಪಾಸ್ ಬಂತು, ವಾರಕ್ಕೆ ಬೈಕಿಗೆ 4 ಲೀಟರ್, ಆಟೊಗೆ 5, ಕಾರು ಮತ್ತು ವ್ಯಾನಿಗೆ 20. ಕೊಲಂಬೊದಿಂದ ನುವರ ಎಲಿಯ, ಎಲ್ಲ ಪಟ್ಟಣ, ಅಲ್ಲಿಂದ ದಕ್ಷಿಣಕ್ಕಿಳಿದು ಗಾಲ್ ಮೂಲಕ ವಾಪಸ್ಸು ಎಂದರೆ ಬೆಟ್ಟದ ದಾರಿ ಸೇರಿ ಸುಮಾರು 600 ಕಿಲೋಮೀಟರ್. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ವ್ಯಾನಿಗೆ 60 ಲೀಟರ್ ಬೇಕು, ಅಂದರೆ ಅಲ್ಲಿನವನೊಬ್ಬನ ಮೂರು ವಾರದ ಪಡಿ. ಬೆಂಗಳೂರಿನ ಒಂದು ಕುಟುಂಬ ಐದು ದಿನದಲ್ಲಿ ಅದನ್ನು ಮುಗಿಸುತ್ತದೆ. ಪ್ರವಾಸಿಗರಿಗಾಗಿ ಸರ್ಕಾರ ಬೇರೆಯದೇ ಇಂಧನ ಪಾಸನ್ನು ತಂದದ್ದು ಈ ಗೋಜಲಿನಿಂದಲೇ. ವಿದೇಶಿ ಕಾರ್ಡಿನಲ್ಲಿ ಹಣ ಕಟ್ಟಿದವನಿಗೆ ಸಾಲಿಲ್ಲದೆ ಎಣ್ಣೆ ಸಿಗುತ್ತದೆ, ಅವನ ಡಾಲರಿನಿಂದ ಮುಂದಿನ ಹಡಗಿನ ಎಣ್ಣೆ ಬರುತ್ತದೆ ಎಂಬ ಲೆಕ್ಕ.

ನನಗೆ ಪರಿಚಯವಿದ್ದ, ಕ್ಯಾಂಡಿಯ ಕಡೆಯ ಒಬ್ಬ ವ್ಯಾನ್ ಚಾಲಕ ಈ ತರ್ಕವನ್ನು ಒಂದೇ ಮಾತಿನಲ್ಲಿ ಮುಗಿಸಿದ್ದ: ನೀವು ಬರದಿದ್ದರೆ ನನ್ನ ಪಾಲಿನ ಇಪ್ಪತ್ತು ಲೀಟರ್ ಕೊಳ್ಳುವುದಕ್ಕೂ ನನ್ನ ಹತ್ತಿರ ದುಡ್ಡಿಲ್ಲ. ಜನವರಿಯಲ್ಲಿ 177 ರೂಪಾಯಿ ಇದ್ದ ಪೆಟ್ರೋಲ್ ಜೂನ್ ಕೊನೆಗೆ 470 ಆಗಿತ್ತು, ಡೀಸೆಲ್ 460. ಅವನ ವ್ಯಾನಿನ ಸಾಲ ಕೋವಿಡ್ ಕಾಲದಿಂದಲೂ ಬಾಕಿ. ಎರಡು ರಾತ್ರಿ ಬಂಕಿನ ಸಾಲಿನಲ್ಲಿ ವ್ಯಾನಿನೊಳಗೇ ಮಲಗಿ, ಸ್ನಾನಕ್ಕೆ ಪಕ್ಕದ ಮಸೀದಿಯ ನಲ್ಲಿ ಹುಡುಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಹ್ಯಾಂಗರಿನಲ್ಲಿ ಹಿಂದಿನ ಕಿಟಕಿಗೆ ನೇತುಹಾಕಿಕೊಂಡು ಅವನು ಅತಿಥಿಗಳನ್ನು ಕರೆದುಕೊಳ್ಳಲು ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದ. ಬಾಗಿಲು ತೆರೆದು ಒಳಗೆ ಕುಳಿತ ಕುಟುಂಬಕ್ಕೆ ಆ ಎರಡು ರಾತ್ರಿಗಳ ಸುಳಿವೂ ಸಿಗಬಾರದೆಂಬುದು ಅವನ ಹಟ. ನಾನು ಜೊತೆಗಿದ್ದ ಒಂದು ಪ್ರಯಾಣದಲ್ಲಿ, ಎಲ್ಲಿಯೂ ಕ್ಯೂ ಕಾಣಿಸುತ್ತಿಲ್ಲವಲ್ಲ, ಟಿವಿಯವರು ಸುಮ್ಮನೆ ಹೆದರಿಸುತ್ತಾರೆ ಎಂದು ಅತಿಥಿಯೊಬ್ಬರು ಖುಷಿಪಟ್ಟರು. ಕ್ಯೂ ಇರುವ ಬಂಕುಗಳ ರಸ್ತೆಯನ್ನು ಬಿಟ್ಟು ಬಳಸುದಾರಿ ಹಿಡಿದಿದ್ದ ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

ಆದ್ದರಿಂದ ಬರಬೇಡಿ ಎಂದು ನಾನು ಯಾರಿಗೂ ಹೇಳಲಿಲ್ಲ. ಬಂದದ್ದೇ ಒಳ್ಳೆಯದಾಯಿತೆಂದು ಈಗಲೂ ಅನ್ನಿಸುತ್ತದೆ. ಆದರೆ ಬಂದವರು ರೈಲಿನಲ್ಲಿ ಓಡಾಡಬಹುದಿತ್ತು, ದೊಡ್ಡ ಕಂಪನಿಗಳ ಹೋಟೆಲಿನ ಬದಲು ಮನೆಮಂದಿ ನಡೆಸುವ ವಸತಿಯಲ್ಲಿ ಉಳಿಯಬಹುದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅಗ್ಗವಾಗಿದೆಯೆಂದು ಮತ್ತೂ ಚೌಕಾಸಿ ಮಾಡುವುದನ್ನು ಬಿಡಬಹುದಿತ್ತು. ನಾಣ್ಯ ಕುಸಿದು ಅರೆಬೆಲೆಗೆ ಸಿಕ್ಕ ಕೋಣೆಗೆ ಇನ್ನೂ ಹತ್ತು ಪರ್ಸೆಂಟ್ ಕಡಿಮೆ ಮಾಡಿಸಿಕೊಂಡ ಸಾಹಸವನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುವಾಗ ನನಗೆ ಎದುರಿಗೆ ಕೂರಲು ಆಗುತ್ತಿರಲಿಲ್ಲ.

ಬ್ರಿಟನ್ ಸೇರಿದಂತೆ ಪಶ್ಚಿಮದ ಸರ್ಕಾರಗಳು ಅನಿವಾರ್ಯವಲ್ಲದ ಪ್ರಯಾಣ ಬೇಡವೆಂದು ಸೂಚನೆ ಹೊರಡಿಸಿದ್ದರ ಪರಿಣಾಮ ಗಲಭೆಗಿಂತ ದೊಡ್ಡದಾಗಿತ್ತು. ಅಂಥ ಸೂಚನೆ ಬಂದರೆ ಪ್ರಯಾಣ ವಿಮೆ ಊರ್ಜಿತವಾಗುವುದಿಲ್ಲ, ವಿಮೆಯಿಲ್ಲದೆ ಪ್ರವಾಸ ಕಂಪನಿಗಳು ಗುಂಪು ಕಳಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಇಂಧನವೇ ಇಲ್ಲದೆ ಶ್ರೀಲಂಕಾದ ದೂರದ ವಿಮಾನಗಳು ತಿರುವನಂತಪುರದಲ್ಲೂ ಚೆನ್ನೈಯಲ್ಲೂ ಇಳಿದು ಎಣ್ಣೆ ತುಂಬಿಸಿಕೊಂಡು ಮುಂದೆ ಹೋಗುತ್ತಿದ್ದವು. 

ಇಷ್ಟರ ನಡುವೆಯೂ ಆಸ್ಟ್ರೇಲಿಯಾದ ಕ್ರಿಕೆಟ್ ತಂಡ ಜೂನ್–ಜುಲೈನಲ್ಲಿ ಪೂರ್ತಿ ಪ್ರವಾಸ ಮುಗಿಸಿತು. ಪ್ರೇಮದಾಸ ಕ್ರೀಡಾಂಗಣದ ಕೊನೆಯ ಏಕದಿನ ಪಂದ್ಯಕ್ಕೆ ಪ್ರೇಕ್ಷಕರು ತಮ್ಮ ನೀಲಿಯನ್ನು ಬಿಟ್ಟು ಆಸ್ಟ್ರೇಲಿಯಾದ ಹಳದಿ ಬಣ್ಣದ ಬಟ್ಟೆ ತೊಟ್ಟು ಬಂದು, ಬಂದದ್ದಕ್ಕೆ ಉಪಕಾರವಾಯಿತೆಂದು ಕೂಗಿದರು. ಪ್ರವಾಸಿಗನೊಬ್ಬ ಬರುವುದಕ್ಕೂ ಬಾರದಿರುವುದಕ್ಕೂ ಆಗ ಎಷ್ಟು ತೂಕವಿತ್ತೆಂಬುದು ಆ ಹಳದಿಯಲ್ಲಿ ಕಾಣುತ್ತಿತ್ತು. ಜುಲೈ 9ರಂದು ಗಾಲ್‌ನಲ್ಲಿ ಎರಡನೆಯ ಟೆಸ್ಟ್ ನಡೆಯುತ್ತಿರುವಾಗಲೇ ಹೊರಗಿನ ಕೋಟೆಯ ಗೋಡೆಯ ಮೇಲೆ ಪ್ರತಿಭಟನಕಾರರು ನಿಂತು ಘೋಷಣೆ ಕೂಗುತ್ತಿದ್ದರು. ಒಳಗೆ ಆಟ ನಿಲ್ಲಲಿಲ್ಲ. ಅದೇ ದಿನ ರೈಲುಗಳನ್ನು ಹಟಹಿಡಿದು ಹೊರಡಿಸಿಕೊಂಡು ಬಂದ ಜನ ಕೊಲಂಬೊದಲ್ಲಿ ಅಧ್ಯಕ್ಷರ ನಿವಾಸದ ಗೇಟು ದಾಟಿದರು.

ಆಮೇಲಿನ ದಿನಗಳಲ್ಲಿ ನಾನು ಕಂಡ ಅತ್ಯಂತ ವಿಚಿತ್ರ ಪ್ರವಾಸೋದ್ಯಮ ಶುರುವಾಯಿತು. ಅಲ್ಲಿ ಪ್ರವಾಸಿಗರು ಅದೇ ದೇಶದವರು. ಹಳ್ಳಿಗಳಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದ ಕುಟುಂಬಗಳು ಬಿಸಿಲಿನಲ್ಲಿ ಶಿಸ್ತಾಗಿ ಸಾಲು ನಿಂತು ಅಧ್ಯಕ್ಷರ ಮಂಚ, ವ್ಯಾಯಾಮದ ಯಂತ್ರ, ಊಟದ ಮೇಜುಗಳನ್ನು ನೋಡಿಕೊಂಡು ಹೋದರು. ವಸ್ತುಗಳನ್ನು ಹಾಳುಮಾಡಬೇಡಿ ಎಂದು ಹೋರಾಟಗಾರರೇ ಚೀಟಿ ಅಂಟಿಸಿದ್ದರು. ಒಳಗೆ ಸಿಕ್ಕ 1 ಕೋಟಿ 78 ಲಕ್ಷಕ್ಕೂ ಮೀರಿದ ರೂಪಾಯಿಯ ನೋಟಿನ ಕಂತೆಗಳನ್ನು ಎಣಿಸಿ ಪೊಲೀಸರಿಗೆ ಕೊಟ್ಟರು. ಆ ಸಾಲಿನಲ್ಲಿ ಒಳಗೆ ಹೋಗಬೇಕೆಂಬ ಆಸೆ ನನಗೂ ಇತ್ತು. ಗೇಟಿನವರೆಗೆ ಹೋಗಿ ಹೊರಗೇ ಉಳಿದೆ. ಗೋಟಬಯ ರಾಜಪಕ್ಸೆ ಜುಲೈ 13ರ ನಸುಕಿನಲ್ಲಿ ಸೇನಾ ವಿಮಾನದಲ್ಲಿ ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಪುರಕ್ಕೆ ಹೋಗಿ ಮಿಂಚಂಚೆಯಲ್ಲಿ ರಾಜೀನಾಮೆ ಕಳಿಸಿದರು. ಹೊಸ ಅಧ್ಯಕ್ಷ ರನಿಲ್ ವಿಕ್ರಮಸಿಂಘೆ ಪ್ರಮಾಣವಚನ ಸ್ವೀಕರಿಸಿದ ಮರುದಿನ, ಜುಲೈ 22ರ ಬೆಳಗಾಗುವ ಮೊದಲೇ, ಸೇನೆ ಗಾಲ್ ಫೇಸ್‌ನ ಡೇರೆಗಳನ್ನು ಕಿತ್ತಿತು.

ನಾನೇಕೆ ಗೇಟಿನ ಹೊರಗೆ ಉಳಿದೆ ಎಂಬುದಕ್ಕೆ ಉತ್ತರ ವೀಸಾದಲ್ಲಿದೆ. ಪರದೇಶದಲ್ಲಿ ಕೆಲಸ ಮಾಡುವವನ ರಾಜಕೀಯ ಅಭಿಪ್ರಾಯ ಅವನ ವಾಸದ ಪರವಾನಗಿಯ ಅವಧಿಯಷ್ಟೇ ಗಟ್ಟಿ. ಭಾರತೀಯನಾಗಿದ್ದರೆ ಇನ್ನೊಂದು ತೊಡಕು. ಆ ವರ್ಷ ಭಾರತ ಸಾಲ, ಇಂಧನ, ಔಷಧ ಎಂದು ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತ್ತು, ಸರ್ಕಾರಿ ಬಂಕುಗಳು ಬತ್ತಿದಾಗ ಇಂಡಿಯನ್ ಆಯಿಲ್‌ನ ಲಂಕಾ ಶಾಖೆಯ ಬಂಕುಗಳೇ ಗತಿಯಾಗಿದ್ದವು. ಜನ ಕೃತಜ್ಞತೆ ಹೇಳುತ್ತಿದ್ದರು. ಅದೇ ಜನರ ನಡುವೆ ಭಾರತದ ಸೈನ್ಯ ಇಳಿಯುತ್ತಿದೆಯಂತೆ, ರಾಜಪಕ್ಸೆಗಳು ಭಾರತಕ್ಕೆ ಓಡಿದರಂತೆ ಎಂಬ ವದಂತಿಗಳೂ ಓಡಾಡುತ್ತಿದ್ದವು, ಹೈಕಮಿಷನ್ ಅವನ್ನು ಬಹಿರಂಗವಾಗಿ ಅಲ್ಲಗಳೆಯಬೇಕಾಗಿ ಬಂತು. ಜುಲೈನಲ್ಲಿ ಭಾರತೀಯ ವೀಸಾ ಕೇಂದ್ರದ ಹಿರಿಯ ಅಧಿಕಾರಿಯೊಬ್ಬರ ಮೇಲೆ ರಾತ್ರಿ ಹಲ್ಲೆಯಾದಾಗ ನಮಗೆಲ್ಲ ಎಚ್ಚರದಿಂದಿರುವಂತೆ ಸೂಚನೆ ಬಂತು. ನಮ್ಮ ಕಂಪನಿಯ ಆಡಳಿತದವರೂ, ಯಾರೂ ಹೋರಾಟದ ಚಿತ್ರ ಹಂಚಿಕೊಳ್ಳಬಾರದು ಎಂದು ಬಾಯಿಮಾತಿನಲ್ಲೇ ತಿಳಿಸಿದರು. ಕಾಗದದಲ್ಲಿ ಕೊಡುವ ಧೈರ್ಯ ಅವರಿಗೂ ಇರಲಿಲ್ಲ.

ಅದು ಅತಿಯಾದ ಎಚ್ಚರವೆಂದು ಅಂದುಕೊಂಡವರಿಗೆ ಆಗಸ್ಟಿನಲ್ಲಿ ಉತ್ತರ ಸಿಕ್ಕಿತು. ಚಿಕಿತ್ಸೆಗೆಂದು ಬಂದು ಅಲ್ಲಿಯೇ ವಾಸವಿದ್ದ ಸ್ಕಾಟ್ಲೆಂಡಿನ ಮಹಿಳೆಯೊಬ್ಬರು ಅರಗಲಯದ ದೃಶ್ಯಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದರು. ವಲಸೆ ಅಧಿಕಾರಿಗಳು ಅವರ ಮನೆಗೆ ಹೋಗಿ ಪಾಸ್‌ಪೋರ್ಟ್ ತೆಗೆದುಕೊಂಡರು, ವೀಸಾ ರದ್ದಾಯಿತು, ಆಗಸ್ಟ್ 15ರೊಳಗೆ ದೇಶ ಬಿಡಬೇಕೆಂದು ಆದೇಶವಾಯಿತು. ನ್ಯಾಯಾಲಯಕ್ಕೆ ಹೋದರೂ ಪ್ರಯೋಜನವಾಗಲಿಲ್ಲ. ಅದೇ ಹೊತ್ತಿಗೆ, ಜುಲೈನಲ್ಲಿ ಹೋರಾಟಗಾರರ ಜೊತೆ ಬೀದಿಗೆ ಇಳಿದಿದ್ದ ಸನತ್ ಜಯಸೂರ್ಯ ಅವರನ್ನು ಪ್ರವಾಸೋದ್ಯಮದ ರಾಯಭಾರಿಯಾಗಿ ನೇಮಿಸಿ, ಬನ್ನಿ, ನಮ್ಮ ದೇಶ ನಿಮಗಾಗಿ ಕಾದಿದೆ ಎಂದು ಭಾರತದ ನಗರಗಳಲ್ಲಿ ಪ್ರಚಾರಕ್ಕೆ ಸಿದ್ಧತೆ ನಡೆದಿತ್ತು. ಎರಡರಲ್ಲೂ ಸರ್ಕಾರದ ನಿಲುವು ಒಂದೇ ಆಗಿತ್ತೆಂದು ನನಗನ್ನಿಸುತ್ತದೆ: ಪರದೇಶದವನು ಹಣ ಖರ್ಚು ಮಾಡಬೇಕು, ಸಮುದ್ರದ ಫೋಟೊ ಹಾಕಬೇಕು, ಮೈದಾನದ್ದು ಬೇಡ. ಇದನ್ನು ಬರೀ ಶ್ರೀಲಂಕಾದ ಮೇಲೆ ಹೊರಿಸುವುದೂ ತಪ್ಪು. ನಮ್ಮಲ್ಲೂ ಪ್ರತಿಭಟನೆಯಲ್ಲಿ ಪಾಲ್ಗೊಂಡ ವಿದೇಶಿ ವಿದ್ಯಾರ್ಥಿಯೊಬ್ಬನನ್ನು 2019ರಲ್ಲಿ ವಾಪಸ್ಸು ಕಳಿಸಿದ್ದುಂಟು.

ಪರದೇಶಿ ಬದುಕಿನ ಇನ್ನೊಂದು ಮುಖ ವಿಮಾನ ನಿಲ್ದಾಣದ ನಿರ್ಗಮನದ ಬಾಗಿಲಲ್ಲಿತ್ತು. ಹೊರದೇಶಗಳಲ್ಲಿ ದುಡಿಯುವ ಶ್ರೀಲಂಕಾದವರು 2020ರಲ್ಲಿ 710 ಕೋಟಿ ಡಾಲರ್ ಕಳಿಸಿದ್ದರು. ಅಧಿಕೃತ ದರ ಸುಳ್ಳು ಎಂದು ಗೊತ್ತಾದ ಮೇಲೆ ಅವರು ಬ್ಯಾಂಕು ಬಿಟ್ಟು ಉಂಡಿಯಲ್, ಅಂದರೆ ಹವಾಲಾ, ದಾರಿ ಹಿಡಿದರು, 2022ರಲ್ಲಿ ಬ್ಯಾಂಕಿನ ಮೂಲಕ ಬಂದದ್ದು 380 ಕೋಟಿ ಮಾತ್ರ. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು, ಮರುದಿನವೇ ಕೇಂದ್ರ ಬ್ಯಾಂಕ್, ದಯವಿಟ್ಟು ಊರಿಗೆ ಡಾಲರ್ ಕಳಿಸಿ ಎಂದು ಅವರನ್ನು ಬೇಡಿಕೊಂಡಿತು. ತೆರಿಗೆ ಇಳಿಸುವಾಗ, ಗೊಬ್ಬರ ನಿಲ್ಲಿಸುವಾಗ ಅವರನ್ನು ಕೇಳಿದವರಿರಲಿಲ್ಲ, ವಿದೇಶದಿಂದ ಮತ ಹಾಕುವ ಅವಕಾಶವೂ ಅವರಿಗಿರಲಿಲ್ಲ. ಬತ್ತರಮುಲ್ಲೆಯ ಪಾಸ್‌ಪೋರ್ಟ್ ಕಚೇರಿಯ ಮುಂದಿನ ಸಾಲು ಎಣ್ಣೆಯ ಸಾಲಿಗಿಂತ ಉದ್ದವಾಯಿತು. ಆ ಒಂದು ವರ್ಷದಲ್ಲಿ ಕೆಲಸ ಹುಡುಕಿ ದೇಶ ಬಿಟ್ಟವರು 3 ಲಕ್ಷಕ್ಕೂ ಹೆಚ್ಚು. ನಮ್ಮ ಕಚೇರಿಯಿಂದಲೂ ಹೋದರು. ಪಕ್ಕದ ಮೇಜಿನ ಸಹೋದ್ಯೋಗಿ ಮರುವರ್ಷ ಮೆಲ್ಬರ್ನಿಗೆ ಹೋದಳು, ಅಲ್ಲಿ ಉಡುಪಿಗೂ ಅವಳಿಗೂ ಸಂಬಂಧವಿಲ್ಲದ ಕೆಲಸ.

ವ್ಯಾನಿನ ಚಾಲಕ ಹೋದದ್ದು ದೋಹಾಕ್ಕೆ. 2020ರ ಮಾರ್ಚಿನಿಂದ ವಾಹನಗಳ ಆಮದನ್ನು ನಿಷೇಧಿಸಿದ್ದರಿಂದ ಹಳೆಯ ವ್ಯಾನುಗಳ ಬೆಲೆ ವಿಪರೀತ ಏರಿತ್ತು. ಅವನದನ್ನು ಮಾರಿದ ಹಣದಲ್ಲಿ ವ್ಯಾನಿನ ಸಾಲ ತೀರಿ, ಏಜೆಂಟನಿಗೆ ಕೊಟ್ಟು, ಸ್ವಲ್ಪ ಉಳಿಯಿತೂ ಸಹ. 2024ರಲ್ಲಿ ಪ್ರವಾಸಿಗರ ಸಂಖ್ಯೆ ಮತ್ತೆ 20 ಲಕ್ಷ ದಾಟಿದಾಗ ಕ್ಯಾಂಡಿಯಲ್ಲಿ ಅವನ ವ್ಯಾನನ್ನು ಬೇರೆ ಯಾರೋ ಓಡಿಸುತ್ತಿದ್ದರು. 2025ರ ಫೆಬ್ರವರಿಯಲ್ಲಿ ಖಾಸಗಿ ವಾಹನಗಳ ಆಮದಿಗೆ ಅವಕಾಶ ಸಿಕ್ಕಿತು, ಆದರೆ ಅದರ ಮೇಲಿನ ತೆರಿಗೆ ಕೇಳಿ ಅವನು ದೋಹಾದ ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದ್ದಾನೆ. ಆ ಹಳೆಯ ವ್ಯಾನನ್ನೇ ವಾಪಸ್ಸು ಕೊಡುತ್ತಾರೇನೋ ಎಂದು ಕೊಂಡವನಿಗೆ ಒಮ್ಮೆ ಫೋನ್ ಮಾಡಿ ವಿಚಾರಿಸಿದ್ದನಂತೆ. ಅವನು ಹೇಳಿದ ಬೆಲೆ, ಇವನು ಮಾರಿದ್ದಕ್ಕಿಂತ ಹೆಚ್ಚಿತ್ತು.